ಬೆರಳಲ್ಲಿ ಆಕ್ಸಿಮೀಟರ್ ಓದದಿದ್ದರೆ ಅರಿವಳಿಕೆ ಕೊಡೋದು ಹೇಗೆ?

ಹಾವೇರಿ ಹುಡುಗಿ:
ಅಪ್ಪನಿಗೆ 67 ವರ್ಷ. ಶುಗರ್ ಹಳೆಯದು, ಬೀಡಿ ಬಿಟ್ಟದ್ದು ಈಚೆಗೆ. ಬಲಗಾಲಿನ ಎರಡು ಬೆರಳು ಕಪ್ಪಾಗಿವೆ, ತೆಗೆಯಲೇಬೇಕಂತೆ. ಹೃದಯಕ್ಕೆ ಸ್ಟೆಂಟ್ ಹಾಕಿಸಿದ್ದರಿಂದ ರಕ್ತ ಹೆಪ್ಪುಗಟ್ಟದ ಹಾಗೆ ತಡೆಯುವ ಕ್ಲೋಪಿಡೋಗ್ರೆಲ್ ಮಾತ್ರೆ ತಗೊಳ್ತಿದ್ದಾರೆ. ಬೆನ್ನಿಗೆ ಬೇಡ, ಮಂಡಿ ಹಿಂದೆ ಇಂಜೆಕ್ಷನ್ ಕೊಡ್ತೀನಿ ಅಂದರು ಅರಿವಳಿಕೆ ಡಾಕ್ಟರು. ಆದರೆ ತಪಾಸಣೆ ದಿನ ಅಪ್ಪನ ಕೈ ತಣ್ಣಗಿತ್ತು, ಆಕ್ಸಿಮೀಟರ್ ಏನೂ ತೋರಿಸಲಿಲ್ಲ. ಆಪರೇಷನ್ ಮಧ್ಯೆ ಹೀಗಾದರೆ?

ಅರಿವಳಿಕೆ ವೈದ್ಯೆ:
ಮಿಷನ್ ಏನೂ ತೋರಿಸಲಿಲ್ಲ ಅಂದರೆ ರಕ್ತದಲ್ಲಿ ಆಕ್ಸಿಜನ್ ಇಲ್ಲ ಅಂತಲ್ಲಮ್ಮ. ಅದು ಬೆರಳಿನೊಳಗೆ ಬೆಳಕು ಬಿಟ್ಟು, ನಾಡಿಯ ಜೊತೆ ಮಿಡಿಯುವ ರಕ್ತವನ್ನಷ್ಟೇ ಓದುತ್ತೆ. ಚಳಿಗೆ ರಕ್ತನಾಳ ಮುದುಡಿದರೆ ಓದಲು ಮಿಡಿತವೇ ಸಿಗಲ್ಲ. ಆಗ ಕೈ ಬೆಚ್ಚಗೆ ಮಾಡ್ತೀವಿ, ಇಲ್ಲವೇ ಕಿವಿಯ ಹಾಲೆಗೆ ಅಥವಾ ಹಣೆಗೆ ಹಾಕ್ತೀವಿ. ನಾನಂತೂ ಪರದೆ ಮೇಲೆ ಅಲೆ ನೆಟ್ಟಗೆ ಬರುವ ತನಕ ನಂಬರ್ ನಂಬಲ್ಲ, 99 ಅಂತ ತೋರಿಸಿದರೂ ಸರಿ. ಜೊತೆಗೆ ಇಸಿಜಿ, ಬಿಪಿ ನೋಡ್ತಾನೇ ಇರ್ತೀವಿ.

ಮಂಡಿ ಹಿಂದಿನ ಬ್ಲಾಕ್, ಅಂದರೆ ನರದ ಹತ್ತಿರ ಇಂಜೆಕ್ಷನ್ ಕೊಟ್ಟು ಆ ಕಾಲಿನ ಕೆಳಭಾಗವನ್ನಷ್ಟೇ ಮರಗಟ್ಟಿಸೋದು, ನನಗೂ ಸರಿ ಅನ್ನಿಸುತ್ತೆ. ಕ್ಲೋಪಿಡೋಗ್ರೆಲ್ ತಗೊಳ್ಳುವವರಿಗೆ ಬೆನ್ನಿಗೆ ಸೂಜಿ ಹಾಕಿದರೆ ಒಳಗೆ ರಕ್ತ ಕಟ್ಟಿ ನರ ಅಮುಕುವ ಅಪಾಯ ಇದೆ. ಹಾಗಾಗಿ ಸಾಮಾನ್ಯವಾಗಿ 5ರಿಂದ 7 ದಿನ ಮೊದಲೇ ಮಾತ್ರೆ ನಿಲ್ಲಿಸಬೇಕಾಗುತ್ತೆ. ಆದರೆ ಸ್ಟೆಂಟ್ ಇರುವವರು ಹೃದಯದ ಡಾಕ್ಟರನ್ನು ಕೇಳದೆ ಸುಮ್ನೆ ನಿಲ್ಲಿಸಲೇಬಾರದು. ಇನ್ನೊಂದು, ಬೆನ್ನಿಗೆ ಕೊಟ್ಟರೆ ಬಿಪಿ ಬೀಳಬಹುದು. ಕಿರಿದಾದ ರಕ್ತನಾಳಕ್ಕೆ ರಕ್ತ ಹೋಗೋದೇ ಆ ಒತ್ತಡದಿಂದ. ಬ್ಲಾಕ್‌ನಲ್ಲಿ ಆ ತೊಂದರೆ ಕಡಿಮೆ. ಅಪ್ಪ ಎಚ್ಚರವಾಗಿದ್ದರೆ ಎದೆ ನೋವು, ಉಸಿರಿನ ತೊಂದರೆ ಬಾಯಿಬಿಟ್ಟು ಹೇಳಬಹುದು, ಅಲ್ವಾ?

ಶುಗರ್‌ನಿಂದ ಪಾದ ಈಗಾಗಲೇ ಜೋಮು ಹಿಡಿದಿದ್ದರೆ ಮೊದಲೇ ತಿಳಿಸಿ. ಬ್ಲಾಕ್ ಇಳಿಯಲು ಜಾಸ್ತಿ ಹೊತ್ತು ಹಿಡಿಯಬಹುದು.

ಓಟಿ ಟೆಕ್ನಿಷಿಯನ್:
ಆ ಕಾಲಿಗೆ ಹಾಟ್ ವಾಟರ್ ಬ್ಯಾಗ್ ಇಡಬೇಡಿ ಮೇಡಂ. ಸ್ಪರ್ಶ ಗೊತ್ತಾಗದ ಚರ್ಮ ಸುಟ್ಟರೂ ತಿಳಿಯಲ್ಲ. ನಾವು ಮೈಗೆ ಬಿಸಿಗಾಳಿ ಹೊದಿಕೆ ಹಾಕಿದರೂ ಆ ಪಾದವನ್ನು ಹೊರಗಿಡ್ತೀವಿ. ಹಿಮ್ಮಡಿ ಮೇಜಿಗೆ ಒತ್ತದ ಹಾಗೆ ಮೀನಖಂಡದ ಕೆಳಗೆ ದಿಂಬು ಕೊಡ್ತೀವಿ.

ಹಾವೇರಿ ಹುಡುಗಿ:
ಅಯ್ಯೋ, ಅಮ್ಮ ದಿನಾ ರಾತ್ರಿ ಅದನ್ನೇ ಇಡ್ತಾರೆ! ಇವತ್ತಿಂದ ಬಂದ್. ಆಸ್ಪತ್ರೆಗೆ ಏನು ತಗೊಂಡು ಹೋಗಲಿ?

ಅರಿವಳಿಕೆ ವೈದ್ಯೆ:
ಎಲ್ಲ ಮಾತ್ರೆಗಳ ಸ್ಟ್ರಿಪ್, ಸ್ಟೆಂಟ್ ಹಾಕಿದ ತಾರೀಖು ಇರುವ ಕಾಗದ. ಕ್ಲೋಪಿಡೋಗ್ರೆಲ್ ಕೊನೆಯದಾಗಿ ನುಂಗಿದ್ದು ಯಾವಾಗ ಅಂತ ಬರೆದಿಟ್ಟುಕೊಳ್ಳಿ. ಕಾಲಿಗೆ ಸಡಿಲವಾದ ಹತ್ತಿ ಸಾಕ್ಸ್ ಸಾಕು.