ಜೇಡಿಗೆ ಪೊಟ್ಯಾಸಿಯಂ ತುಂಬಿ 550 ಡಿಗ್ರಿಗೆ ಕಾಯಿಸಿದರೂ 14 ಆಂಗ್‌ಸ್ಟ್ರಾಂ ಪೀಕ್ 10ಕ್ಕೆ ಇಳಿಯುತ್ತಿಲ್ಲ, ಯಾಕೆ?

ಜೇಡಿ: ತೀರ್ಥಹಳ್ಳಿ ಕಡೆಯ ಅಡಿಕೆ ತೋಟದ ಮಣ್ಣು, ಪಿಹೆಚ್ 5ರ ಆಸುಪಾಸು. 2 ಮೈಕ್ರಾನ್‌ಗಿಂತ ಸಣ್ಣ ಜೇಡಿಯನ್ನು ಬೇರ್ಪಡಿಸಿ, ಒಂದು ಪಾಲಿಗೆ ಮೆಗ್ನೀಸಿಯಂ, ಇನ್ನೊಂದಕ್ಕೆ ಪೊಟ್ಯಾಸಿಯಂ ತುಂಬಿದ್ದೇನೆ. ಎಕ್ಸ್‌ಆರ್‌ಡಿಯಲ್ಲಿ (ಎಕ್ಸ್-ಕಿರಣದಿಂದ ಹರಳಿನ ಪದರಗಳ ಅಂತರ ಅಳೆಯುವ ಪರೀಕ್ಷೆ) ಎರಡೂ 14 ಆಂಗ್‌ಸ್ಟ್ರಾಂ ತೋರಿಸುತ್ತಿವೆ, ಗ್ಲೈಕಾಲ್‌ಗೂ (ಪದರಗಳ ನಡುವೆ ನುಗ್ಗಿ ಕೆಲವು ಜೇಡಿಗಳನ್ನು ಉಬ್ಬಿಸುವ ದ್ರವ) ಉಬ್ಬುವುದಿಲ್ಲ. ಪೊಟ್ಯಾಸಿಯಂ ಸ್ಲೈಡನ್ನು 550 ಡಿಗ್ರಿಯಲ್ಲಿ ಎರಡು ಗಂಟೆ ಇಟ್ಟರೆ 7ರ ಪೀಕ್ ಮಾಯ, 14ರದ್ದು 12ರ ಹತ್ತಿರ ಅಗಲ ದಿಬ್ಬವಾಗಿ ನಿಲ್ಲುತ್ತದೆ. ವರ್ಮಿಕ್ಯುಲೈಟ್ (ಪದರಗಳ ನಡುವೆ ಅಯಾನು, ನೀರು ಹಿಡಿಯುವ ಜೇಡಿ ಖನಿಜ) ಆದರೆ 10ಕ್ಕೆ ಬರಬೇಕಿತ್ತಲ್ಲ?

ಕೆಮ್ಮಣ್ಣು: 7ರದ್ದು ಕಯೋಲಿನೈಟ್ ಎಂಬ ಜೇಡಿ ಖನಿಜ. ಅದರ ಪದರಗಳ ನಡುವೆ ಅಯಾನೇ ಇಲ್ಲ. 550ರಲ್ಲಿ ಹೈಡ್ರಾಕ್ಸಿಲ್ ನೀರಾಗಿ ಹೋಗಿ ಹರಳಿನ ಕಟ್ಟು ಕುಸಿಯುತ್ತದೆ, ಅದು ಸರಿಯಾಗಿಯೇ ಇದೆ.

ಸುಳಿವು ಇರುವುದು ಕಾಯಿಸುವ ಮೊದಲಿನ ಪಟದಲ್ಲಿ. ಮೆಗ್ನೀಸಿಯಂ ಅಯಾನು ಚಿಕ್ಕದು, ಎರಡು ಧನಾವೇಶದ್ದು. ಸುತ್ತ ಆರು ನೀರಿನ ಅಣುಗಳನ್ನು ಬಿಗಿಯಾಗಿ ಹಿಡಿದಿರುತ್ತದೆ, ಹಾಗಾಗಿ 14. ಪೊಟ್ಯಾಸಿಯಂ ದೊಡ್ಡದು, ನೀರನ್ನು ಸುಲಭವಾಗಿ ಬಿಟ್ಟು ಆಕ್ಸಿಜನ್ ಹಾಳೆಯ ಗುಳಿಯಲ್ಲಿ ಕೂರುತ್ತದೆ. ಶುದ್ಧ ವರ್ಮಿಕ್ಯುಲೈಟ್ ಆಗಿದ್ದರೆ ಕೋಣೆಯ ಶಾಖದಲ್ಲೇ 10ರತ್ತ ಮುಚ್ಚಿಕೊಳ್ಳಬೇಕಿತ್ತು. ನಿಮ್ಮದರಲ್ಲಿ ಪೊಟ್ಯಾಸಿಯಂಗೆ ಒಳಗೆ ಜಾಗವೇ ಸಿಕ್ಕಿಲ್ಲ. ಮಳೆಗೆ ತೊಳೆದುಹೋದ ಹುಳಿ ಮಣ್ಣಲ್ಲಿ ಅಲ್ಯೂಮಿನಿಯಂ ಹೈಡ್ರಾಕ್ಸೈಡಿನ ತುಣುಕುಗಳು ಪದರಗಳ ನಡುವೆ ಅಟ್ಟಕ್ಕೆ ಕೊಟ್ಟ ಕಂಬದ ಹಾಗೆ ನಿಂತಿರುತ್ತವೆ. ಕಾಯಿಸಿದಾಗ ಕಂಬ ತನ್ನ ಹೈಡ್ರಾಕ್ಸಿಲ್ ಕಳೆದುಕೊಂಡು ಕುಗ್ಗುತ್ತದೆ, ಆದರೆ ಇಲ್ಲವಾಗುವುದಿಲ್ಲ. ಅದಕ್ಕೇ 12. ಪದರಗಳ ನಡುವೆ ಪೂರ್ತಿ ಹೈಡ್ರಾಕ್ಸೈಡ್ ಹಾಳೆಯೇ ಇರುವ ಕ್ಲೋರೈಟ್ ಆಗಿದ್ದರೆ 14 ಅಲ್ಲೇ ನಿಂತು ಇನ್ನಷ್ಟು ಚೂಪಾಗುತ್ತಿತ್ತು.

ಕುಲುಮೆ: ಒಪ್ಪಿದೆ, ಆದರೆ ಮೊದಲು ಕೈಕೆಲಸ ನೋಡಿ. 1 ಮೋಲಾರ್ ಪೊಟ್ಯಾಸಿಯಂ ಕ್ಲೋರೈಡಲ್ಲಿ ಕನಿಷ್ಠ ನಾಲ್ಕು ಸಲ ಕಲಸಿ ಸೆಂಟ್ರಿಫ್ಯೂಜ್ ಮಾಡಿದ್ದೀರಾ? ಆಮೇಲೆ ಸಿಲ್ವರ್ ನೈಟ್ರೇಟ್ ಹನಿಗೆ ಬಿಳಿ ಬರುವುದು ನಿಲ್ಲುವವರೆಗೆ, ಅಂದರೆ ಕ್ಲೋರೈಡ್ ಹೋಗುವವರೆಗೆ, ತೊಳೆಯಬೇಕು. ಮಾಮೂಲಿ ಗಾಜಿನ ಸ್ಲೈಡ್ 550ರಲ್ಲಿ ಬಾಗಿದರೆ ಪೀಕೇ ಜರುಗುತ್ತದೆ, ಕ್ವಾರ್ಟ್ಸ್ ಬಳಸಿ. ಸ್ಲೈಡನ್ನು ಕುಲುಮೆಯಿಂದ ನೇರ ಡೆಸಿಕೇಟರಿಗೆ (ತೇವ ತಾಗದಂತೆ ಮುಚ್ಚಿಡುವ ಪಾತ್ರೆ). ಮಲೆನಾಡಿನ ಮಳೆಗಾಲದ ತೇವದಲ್ಲಿ ಹೊರಗಿಟ್ಟರೆ ಮತ್ತೆ ನೀರು ಎಳೆಯುತ್ತದೆ. 110, 300, 550 ಎಂದು ಹಂತಹಂತವಾಗಿ ಓದಿಸಿ. ಇಳಿಕೆ ನಿಧಾನವಾಗಿ, ಪೀಕ್ ಅಗಲವಾಗುತ್ತಾ ನಡೆದರೆ ಕಂಬದ ಮಾತೇ ನಿಜ.

ಕೆಮ್ಮಣ್ಣು: ಖಚಿತಕ್ಕೆ ಇನ್ನೊಂದು ದಾರಿ: ಹೊಸ ಜೇಡಿಯನ್ನು 0.3 ಮೋಲಾರ್ ಸೋಡಿಯಂ ಸಿಟ್ರೇಟಲ್ಲಿ ಕುದಿನೀರಿನ ಬಾತಿನಲ್ಲಿಡಿ, ದ್ರಾವಣ ಬದಲಿಸುತ್ತ ನಾಲ್ಕೈದು ಸಲ. ಅಲ್ಯೂಮಿನಿಯಂ ಕರಗಿ ಬರುತ್ತದೆ. ಸಿಟ್ರೇಟಿನ ಸೋಡಿಯಂ ಪದರಗಳ ನಡುವೆ ಉಳಿಯುವುದರಿಂದ ಪೊಟ್ಯಾಸಿಯಂ ಮತ್ತೆ ತುಂಬುವುದನ್ನು ಮರೆಯಬೇಡಿ. ಈಗ 300ಕ್ಕೇ 10ಕ್ಕೆ ಬಂದರೆ ಹೈಡ್ರಾಕ್ಸಿ-ಅಲ್ಯೂಮಿನಿಯಂ ತುಂಬಿದ ವರ್ಮಿಕ್ಯುಲೈಟ್ ಎಂದೇ ಬರೆದುಕೊಳ್ಳಿ.

ಜೇಡಿ: ಸ್ಲೈಡ್ ಗಾಜಿನದ್ದೇ, ಸ್ವಲ್ಪ ಬಾಗಿದೆ ಕೂಡ. ಕ್ವಾರ್ಟ್ಸ್ ಮೇಲೆ ಮೂರು ಹಂತ ಓದಿಸುತ್ತೇನೆ, ಸಿಟ್ರೇಟ್ ಆಮೇಲೆ.