ಬರವಣಿಗೆಗೂ ಮಾತಿಗೂ ಹದ ತಂದುಕೊಳ್ಳುವುದು ಹೇಗೆ?

ಪ್ರಶ್ನೆ: ರಾಜಾಜಿನಗರದ ಓದುಗ

ಎಲ್ಲರಿಗೂ ನಮಸ್ಕಾರ. ನಾನು ಬೆಂಗಳೂರಿನ ಖಾಸಗಿ ಕಂಪನಿಯೊಂದರ ಲೆಕ್ಕಪತ್ರ ವಿಭಾಗದಲ್ಲಿದ್ದೇನೆ. ನಮ್ಮ ಕನ್ನಡ ಸಂಘದ ಸಂಚಿಕೆಗೆ ಲೇಖನ ಬರೆಯುತ್ತೇನೆ. ರಾಜ್ಯೋತ್ಸವದ ದಿನ ವೇದಿಕೆಯಲ್ಲಿ 10 ನಿಮಿಷ ಮಾತನಾಡುವ ಹೊಣೆಯೂ ಈ ವರ್ಷ ನನ್ನ ಪಾಲಿಗೆ ಬಂದಿದೆ. ನನ್ನ ಬರಹದಲ್ಲಿ ಸುತ್ತೋಲೆಯ ಭಾಷೆ ಇಣುಕುತ್ತದೆ ಎನ್ನುತ್ತಾರೆ ಸ್ನೇಹಿತರು. ಮಾತಿಗೆ ನಿಂತರೆ ಕನ್ನಡದಲ್ಲಿ ಆರಂಭವಾದ ವಾಕ್ಯ ಇಂಗ್ಲಿಷಿನಲ್ಲಿ ಮುಗಿಯುತ್ತದೆ. ಇವೆರಡಕ್ಕೂ ಬೇರೆ ಬೇರೆ ಅಭ್ಯಾಸ ಬೇಕೆ, ಅಥವಾ ಒಂದನ್ನು ತಿದ್ದಿಕೊಂಡರೆ ಇನ್ನೊಂದು ತಾನಾಗಿ ಸರಿಹೋಗುತ್ತದೆಯೆ? ಮಾದರಿಗೆ ನನ್ನದೇ ಒಂದು ವಾಕ್ಯ: “ನಗರದ ಕೆರೆಗಳ ಸಂರಕ್ಷಣೆಯ ಕುರಿತಾದ ಜಾಗೃತಿಯು ನಾಗರಿಕರಲ್ಲಿ ಮೂಡಿಸಲ್ಪಡಬೇಕಾದ ಅಗತ್ಯತೆಯು ಕಂಡುಬರುತ್ತದೆ.”

ಉತ್ತರ 1: ಬಸವನಗುಡಿಯ ಉಪಸಂಪಾದಕ

ನೀವು ಕೊಟ್ಟ ವಾಕ್ಯವನ್ನೇ ಹಿಡಿದು ಹೇಳುತ್ತೇನೆ. ಅದರಲ್ಲಿ ವ್ಯಾಕರಣದ ತಪ್ಪಿಗಿಂತ ದೊಡ್ಡ ಕೊರತೆಯೊಂದಿದೆ: ಜಾಗೃತಿ ಮೂಡಿಸಬೇಕಾದವರು ಯಾರು, ಯಾವ ಕೆರೆಯ ಬಗ್ಗೆ, ಏನನ್ನು ತಿಳಿಸಬೇಕು ಎಂಬುದೊಂದೂ ಅಲ್ಲಿಲ್ಲ. ಹೇಳಬೇಕಾದ ಸಂಗತಿ ಕೈಯಲ್ಲಿಲ್ಲದಾಗಲೇ ‘ಲ್ಪಡು’ ಪ್ರಯೋಗ ನುಸುಳುವುದು. ಅದೇ ವಾಕ್ಯದ ಬದಲು, “ಬೆಳ್ಳಂದೂರು ಕೆರೆ ತುಂಬಿದರೆ ನೀರು ವರ್ತೂರು ಕೆರೆಗೆ ಇಳಿದು, ಅಲ್ಲಿಂದ ದಕ್ಷಿಣ ಪಿನಾಕಿನಿಯನ್ನು ಸೇರುತ್ತದೆ; ಈ ದಾರಿಯಲ್ಲಿ ಮನೆ ಕಟ್ಟಿಕೊಂಡಿರುವ ನಮಗೆ ಅದು ಗೊತ್ತಿರಬೇಕು” ಎಂದು ಬರೆದು ನೋಡಿ. ಪಾಂಡಿತ್ಯ ಹೆಚ್ಚಲಿಲ್ಲ, ಆದರೆ ವಾಕ್ಯಕ್ಕೆ ಜೀವ ಬಂತು. ಶೈಲಿಯ ಮುಕ್ಕಾಲು ಪಾಲು ವಿಷಯವನ್ನು ಖಚಿತವಾಗಿ ತಿಳಿದುಕೊಳ್ಳುವುದರಲ್ಲೇ ಇದೆ ಎಂಬುದು ನನ್ನ ದೃಢವಾದ ಅಭಿಪ್ರಾಯ.

ಇನ್ನು ವಾಕ್ಯದ ಉದ್ದ. ಚಿಕ್ಕ ವಾಕ್ಯಗಳನ್ನೇ ಬರೆಯಿರಿ ಎಂಬ ಸಲಹೆಯನ್ನು ನಾನು ಪೂರ್ತಿ ಒಪ್ಪುವುದಿಲ್ಲ. ಕನ್ನಡದಲ್ಲಿ ಕ್ರಿಯಾಪದ ಸಾಮಾನ್ಯವಾಗಿ ಕೊನೆಗೆ ಬರುವುದರಿಂದ, ಅದಕ್ಕೆ ಮೊದಲು ನಾಮಪದಗಳನ್ನೂ ವಿಶೇಷಣಗಳನ್ನೂ ಪೇರಿಸಿದಷ್ಟೂ ಓದುಗ ಅರ್ಥಕ್ಕಾಗಿ ಕಾಯಬೇಕಾಗುತ್ತದೆ. ಆದರೆ ‘ಬಂದು’, ‘ನೋಡಿ’, ‘ಕೇಳಿಕೊಂಡು’ ಮುಂತಾದ ರೂಪಗಳಿಂದ ಹೆಣೆದ ವಾಕ್ಯ ಎಷ್ಟು ಉದ್ದವಾದರೂ ದಣಿಸುವುದಿಲ್ಲ. ಕೆಲಸಗಳು ನಡೆದ ಕ್ರಮದಲ್ಲೇ ಒಂದೊಂದಾಗಿ ಕಿವಿಗೆ ಬೀಳುತ್ತವೆ. ನಮ್ಮ ಹಿರಿಯರು ಕಥೆ ಹೇಳುವುದು ಹೀಗೆಯೇ ಅಲ್ಲವೆ? ಬರೆದದ್ದನ್ನು ಗಟ್ಟಿಯಾಗಿ ಓದಿ. ನಾಲಿಗೆ ಎಲ್ಲಿ ತಡವರಿಸುತ್ತದೋ ಅಲ್ಲಿ ಗೆರೆ ಎಳೆಯಿರಿ. ಎರಡಕ್ಕೂ ಇದೊಂದೇ ಅಭ್ಯಾಸ ಸಾಕು.

ಉತ್ತರ 2: ಜಯನಗರದಿಂದ

ಕೊನೆಯ ಮಾತಿಗೆ ನನ್ನ ಒಪ್ಪಿಗೆಯಿಲ್ಲ. ಒಳ್ಳೆಯ ಬರಹಗಾರರು ವೇದಿಕೆಯಲ್ಲಿ ಹಾಳೆಯಿಂದ ಕಣ್ಣೆತ್ತದೆ ಓದುವುದನ್ನು ನಾವೆಲ್ಲ ನೋಡಿದ್ದೇವೆ. ಮಾತಿಗೆ ಎದುರಿಗೆ ಜನ ಬೇಕು, ಕಾಲದ ಕಟ್ಟು ಬೇಕು. 1924ರಲ್ಲಿ ಅಮೆರಿಕದಲ್ಲಿ ಆರಂಭವಾದ, ಭಾಷಣದ ಅಭ್ಯಾಸಕ್ಕೆಂದೇ ಇರುವ ಟೋಸ್ಟ್‌ಮಾಸ್ಟರ್ಸ್‌ ಸಂಸ್ಥೆಯ ಕೂಟಗಳು ಬೆಂಗಳೂರಿನಲ್ಲೂ ನಡೆಯುತ್ತವೆ. ಅಲ್ಲಿ 5ರಿಂದ 7 ನಿಮಿಷದ ಭಾಷಣಕ್ಕೆ ಸಮಯ ತಿಳಿಸುವ ಹಸಿರು, ಹಳದಿ, ಕೆಂಪು ಸೂಚನೆಗಳಿರುತ್ತವೆ. ಭಾಷಣಕಾರರು ಎಷ್ಟು ಸಲ ‘ಅಂ’, ‘ಆಂ’ ಎಂದರೆಂದು ಎಣಿಸುವುದಕ್ಕೇ ಒಬ್ಬರಿರುತ್ತಾರೆ. ಕೂಟಕ್ಕೆ ಹೋಗಲಾಗದಿದ್ದರೆ ಫೋನಿನಲ್ಲಿ ಧ್ವನಿಮುದ್ರಿಸಿಕೊಂಡು ಕೇಳಿ.

ಇಂಗ್ಲಿಷಿನ ವಿಚಾರದಲ್ಲಿ ಬಸ್ಸು, ಬ್ಯಾಂಕು, ಆಫೀಸುಗಳ ಗೊಡವೆಗೆ ಹೋಗಬೇಡಿ. ಮೊದಲು ‘ಸೋ’, ‘ಬಟ್’, ‘ಆಕ್ಚುಯಲಿ’ಗಳನ್ನು ಬಿಡಿ. ವಾಕ್ಯ ದಾರಿ ತಪ್ಪುವುದು ಈ ಕೊಂಡಿಗಳಲ್ಲಿ. ‘ಹಾಗಾಗಿ’, ‘ಆದರೆ’ ಎಂದು ಮುಂದುವರಿದರೆ ಉಳಿದದ್ದೂ ಬಹುಪಾಲು ಕನ್ನಡದಲ್ಲೇ ಬರುತ್ತದೆ.

ಉತ್ತರ 3: ವಿಜಯನಗರದ ಕನ್ನಡ ಅಧ್ಯಾಪಕಿ

ಭಾಷೆ ಬೆರೆಸುವ ಪ್ರಶ್ನೆ ಇಂದಿನದಲ್ಲ. 9ನೆಯ ಶತಮಾನದ ಕವಿರಾಜಮಾರ್ಗವು, ಸಂಸ್ಕೃತವನ್ನೂ ಕನ್ನಡವನ್ನೂ ಸಮಾಸದಲ್ಲಿ ಮನಬಂದಂತೆ ಬೆರೆಸುವುದನ್ನು ಕಾಯುವ ಹಾಲಿಗೆ ಮಜ್ಜಿಗೆಯ ಹನಿ ಬಿದ್ದುದಕ್ಕೆ ಹೋಲಿಸುತ್ತದೆ. ಅಲ್ಲಿನ ಆಕ್ಷೇಪ ಸಂಸ್ಕೃತದ ಮೇಲಲ್ಲ, ಹದವರಿಯದ ಬೆರಕೆಯ ಮೇಲೆ.

ನಿಮಗೆ ಕೇಳ್ಮೆಯೂ ಬೇಕು. ಡಿ.ವಿ.ಜಿ. 1945ರಲ್ಲಿ ಸ್ಥಾಪಿಸಿದ ಗೋಖಲೆ ಸಾರ್ವಜನಿಕ ವಿಚಾರ ಸಂಸ್ಥೆಯಲ್ಲೋ ಚಾಮರಾಜಪೇಟೆಯ ಕನ್ನಡ ಸಾಹಿತ್ಯ ಪರಿಷತ್ತಿನಲ್ಲೋ ಉಪನ್ಯಾಸವಿದ್ದಾಗ ಹೋಗಿ ಕುಳಿತುಕೊಳ್ಳಿ. ವಿಷಯವನ್ನಷ್ಟೇ ಬರೆದುಕೊಳ್ಳದೆ, ಒಂದು ವಿಚಾರದಿಂದ ಇನ್ನೊಂದಕ್ಕೆ ಉಪನ್ಯಾಸಕರು ದಾಟುವ ವಾಕ್ಯವನ್ನು ಹಾಗೆಯೇ ಬರೆದುಕೊಳ್ಳಿ. ನನ್ನ ವಿದ್ಯಾರ್ಥಿಗಳು ಹೆಚ್ಚಾಗಿ ಎಡವುವುದು ಅಲ್ಲಿಯೇ.

ಪ್ರಶ್ನೆ ಕೇಳಿದವರಿಂದ

ಮೂವರಿಗೂ ಕೃತಜ್ಞತೆಗಳು. ಭಾಷಣವನ್ನು ಪೂರ್ತಿ ಬರೆದು ಬಾಯಿಪಾಠ ಮಾಡಲೆ, ಅಥವಾ ಟಿಪ್ಪಣಿ ಸಾಕೆ?

ಜಯನಗರದಿಂದ

ಪೂರ್ತಿ ಬರೆಯಿರಿ, ಗಟ್ಟಿಯಾಗಿ ಓದಿ ತಿದ್ದಿ. ಈ ಮಟ್ಟಿಗೆ ಉಪಸಂಪಾದಕರ ಮಾತು ಸರಿ. ಆಮೇಲೆ ಆ ಪ್ರತಿಯನ್ನು ಮನೆಯಲ್ಲೇ ಬಿಟ್ಟು, ಮೊದಲ ವಾಕ್ಯ, ಕೊನೆಯ ವಾಕ್ಯ ಮತ್ತು ನಡುವಿನ ನಾಲ್ಕೈದು ಅಂಶಗಳನ್ನು ಮಾತ್ರ ಒಂದು ಚೀಟಿಯಲ್ಲಿ ದಪ್ಪಕ್ಷರದಲ್ಲಿ ಬರೆದುಕೊಂಡು ಹೋಗಿ. ಅಂಕಿಅಂಶಗಳಿದ್ದರೆ ಅವೂ ಚೀಟಿಯಲ್ಲಿರಲಿ.