ಊರಿನ ರಾಗಿ ನೇರವಾಗಿ ತರಿಸಿದರೆ ಲಾಭ ಉಂಟಾ?

ಮುದ್ದೆಪ್ರಿಯ:
ಬೆಂಗಳೂರಿನಲ್ಲಿ ನಾಲ್ಕು ಜನರ ಮನೆ, ದಿನಕ್ಕೊಂದು ಹೊತ್ತು ಮುದ್ದೆ. ಪ್ಯಾಕೆಟ್ ಹಿಟ್ಟು ಬಿಟ್ಟು ಮಾಗಡಿ ಕಡೆ ರೈತರಿಂದಲೇ ವರ್ಷದ ರಾಗಿ ಕೊಳ್ಳೋಣ ಅಂತ. ಎಷ್ಟು ಬೇಕು, ಏನು ನೋಡಿ ತಗೋಬೇಕು? ಹುಳ ಬೀಳುತ್ತಾ?

ಬಯಲುಸೀಮೆ:
ಮುದ್ದೆಗೆ 110 ಗ್ರಾಂ ಹಿಟ್ಟು ಹಿಡಿದರೆ ತಿಂಗಳಿಗೆ 13 ಕೆಜಿ ಚಿಲ್ಲರೆ, ವರ್ಷಕ್ಕೆ 160 ಕೆಜಿ. ಮುಂಗಾರು ರಾಗಿ ಕೊಯ್ಲು ನವೆಂಬರ್–ಡಿಸೆಂಬರ್. ಒಕ್ಕಿ ಚೆನ್ನಾಗಿ ಒಣಗಿಸೋ ಹೊತ್ತಿಗೆ ಜನವರಿ, ಆಗ ಕೊಳ್ಳಿ.

ತಳಿ ಆಮೇಲೆ ಕೇಳಿ. ಮೊದಲು ಕೇಳಬೇಕಾದ್ದು, ಕಣದಲ್ಲಿ ಒಕ್ಕಿದ್ದಾ, ಟಾರು ರಸ್ತೆ ಮೇಲಾ ಅಂತ. ರಸ್ತೆ ರಾಗಿಯಲ್ಲಿ ಕಾಳಿನಷ್ಟೇ ಗಾತ್ರದ ಕಲ್ಲು ಇರುತ್ತೆ, ಜರಡಿಗೆ ಸಿಗಲ್ಲ, ನೀರಿನಲ್ಲೇ ಜಾಲಿಸಬೇಕು. (ಮುದ್ದೆ ನುಂಗೋರಿಗೆ ಗೊತ್ತಾಗಲ್ಲ, ರೊಟ್ಟಿ ತಿನ್ನೋರ ಹಲ್ಲಿಗೆ ಗೊತ್ತಾಗುತ್ತೆ.) ಚೀಲದೊಳಗೆ ಮೊಣಕೈವರೆಗೆ ಕೈ ಇಳಿಸಿ ನೋಡಿ. ಒಳಗೆ ತೇವ, ಮುಗ್ಗಲು ವಾಸನೆ ಇದ್ದರೆ ಬೇಡ. ಸರ್ಕಾರದ ಬೆಂಬಲ ಬೆಲೆಯ ಖರೀದಿಗೂ ತೇವಾಂಶ ಶೇ 12 ದಾಟುವಂತಿಲ್ಲ.

ಗಿರಣಿಕಲ್ಲು:
ಹುಳದ ಭಯ ಅಷ್ಟಾಗಿ ಬೇಡ. ಕಾಳು ತೀರಾ ಸಣ್ಣದು, ಅಕ್ಕಿ–ಜೋಳಕ್ಕೆ ಬೀಳೋ ಹಾಗೆ ಬೀಳಲ್ಲ. ಹಿಂದೆ ಹಗೇವಿನಲ್ಲಿ (ಕಾಳು ತುಂಬಿಡೋ ನೆಲದೊಳಗಿನ ಗುಂಡಿ) ವರ್ಷಗಟ್ಟಲೆ ಇಡ್ತಿದ್ದರು. ಬೇಗ ಕೆಡೋದು ಹಿಟ್ಟು. ಬೀಸಿದ ಮೇಲೆ ಅದರಲ್ಲಿನ ಎಣ್ಣೆಯಂಶಕ್ಕೆ ಗಾಳಿ ತಾಗಿ ಕಹಿಯಾಗುತ್ತೆ. ಪ್ಯಾಕೆಟ್ ಹಿಟ್ಟು ಯಾವಾಗ ಬೀಸಿದ್ದೋ ಏನೋ, ಕಾಳು ತಂದಿಟ್ಟುಕೊಂಡರೆ ಆ ತಕರಾರೇ ಇಲ್ಲ. ತಿಂಗಳಿಗಾಗುವಷ್ಟೇ ಬೀಸಿಸಿ.

ಜಾಲಿಸಿದ ರಾಗಿಗೆ ಎರಡು ದಿನ ಗಟ್ಟಿ ಬಿಸಿಲು ಬೇಕು. ತೇವ ಉಳಿದರೆ ಗಿರಣಿ ಕಲ್ಲಿಗೆ ಮೆತ್ತಿಕೊಳ್ಳುತ್ತೆ, ಗಿರಣಿಯವರು ಬೈತಾರೆ. ಮೆಣಸಿನಕಾಯಿ ಬೀಸಿದ ಬೆನ್ನಿಗೇ ಹಾಕಿಸಬೇಡಿ. ಬಿಸಿ ಹಿಟ್ಟನ್ನು ಹಾಗೇ ಡಬ್ಬಿಗೆ ತುಂಬಿದರೆ ಮುಚ್ಚಳದಡಿ ಬೆವರು ಕಟ್ಟಿ ಗಂಟಾಗುತ್ತೆ, ಹರಡಿ ಆರಿಸಿ.

ಮುದ್ದೆಪ್ರಿಯ:
ಬೆಲೆ ಹೇಗೆ ಮಾತಾಡೋದು?

ಕಣಜ:
2025–26ರ ಬೆಂಬಲ ಬೆಲೆ ಕ್ವಿಂಟಾಲಿಗೆ 4,886 ರೂ. ಸುಗ್ಗಿಯಲ್ಲಿ ಕೈಸಾಲ ತೀರಿಸಬೇಕಾದವರು ಇದಕ್ಕಿಂತ ಕಮ್ಮಿಗೂ ಕೊಟ್ಟುಬಿಡ್ತಾರೆ. ಅದನ್ನೇ ಹಿಡಿದು ಚೌಕಾಸಿ ಮಾಡಿದರೆ ನೀವೂ ಇನ್ನೊಬ್ಬ ದಲ್ಲಾಳಿ ಅಷ್ಟೇ. ಬೆಂಬಲ ಬೆಲೆ ಕೊಡಿ, ಕಸ ತೂರಿದ ರಾಗಿ ಕೇಳಿ, ತೂಕವಾದ ಕೂಡಲೇ ದುಡ್ಡು ಕೊಡಿ.

ಲೆಕ್ಕ ತಪ್ಪೋದು ಬಾಡಿಗೆಯಲ್ಲಿ. ಗಾಡಿಗೆ 900 ರೂ ಅಂತಿಟ್ಟುಕೊಳ್ಳಿ, 150 ಕೆಜಿ ತಂದರೆ ಕೆಜಿಗೆ 6 ರೂ ಬೀಳುತ್ತೆ, 10 ಕೆಜಿ ತಂದರೆ 90. ವರ್ಷದ್ದು ಇಡೋಕೆ ಜಾಗ ಇಲ್ಲದಿದ್ದರೆ ಮೂರ್ನಾಲ್ಕು ಮನೆಯವರು ಸೇರಿ ಒಂದೇ ಗಾಡಿಗೆ ಹಾಕಿಸಿ. ಚೀಲ ಮಾತ್ರ ನೆಲದ ಮೇಲೆ ಇಡಬೇಡಿ, ಕೆಳಗೆ ಹಲಗೆ ಇರಲಿ.